ಮುಂಬ್ರಾ ಗುಡ್ಡದ ಬಿಳಿ ಹರಳು

ಖನಿಜಶಾಸ್ತ್ರದ ಆನ್‌ಲೈನ್ ತರಗತಿಗೆ ಸೇರಿ ಎರಡು ತಿಂಗಳಾಗಿತ್ತು. ಇನ್ನು ಕಲಿಯಲು ಏನೂ ಉಳಿದಿಲ್ಲ ಎಂಬ ನಂಬಿಕೆ ಬಂದು ಒಂದೂವರೆ ತಿಂಗಳಾಗಿತ್ತು!

ಮುಂಬ್ರಾ ಗುಡ್ಡದ ಬುಡದಲ್ಲಿ ರಸ್ತೆಗೆಂದು ಒಡೆದ ಬಂಡೆಯಿಂದ ಬೆರಳುದ್ದದ ಬಿಳಿ ಹರಳುಗಳ ಗೊಂಚಲೊಂದನ್ನು ತಂದು, ಠಾಕುರ್ಲಿಯ ನಮ್ಮ ಮನೆಯ ಷೋಕೇಸಿನಲ್ಲಿಟ್ಟೆ.

"ಇದು ಸ್ಫಟಿಕ, ಅತ್ತೆ. ಲಕ್ಷ ವರ್ಷ ಇಟ್ರೂ ಹೀಗೇ ಇರತ್ತೆ," ಎಂದು ಘೋಷಿಸಿದೆ.

ಧಾರವಾಡದಿಂದ ಬಂದಿದ್ದ ಅತ್ತೆ ದೂರದಿಂದಲೇ ನೋಡಿದರು. "ಗುಡ್ಡದ ಕಲ್ಲು ಮನ್ಯಾಗ ಯಾಕವಾ? ಅದರ ಜೋಡಿ ಏನೇನ್ ಬರ್ತದೋ!"

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನ್ ನಿಂತಿತು. ಆ ನಿಶ್ಶಬ್ದದಲ್ಲಿ, ಮುಚ್ಚಿದ ಷೋಕೇಸಿನೊಳಗಿಂದ 'ಟಿಕ್' ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, 'ಟಿಕ್'. ಹೋಗಿ ನೋಡಿದರೆ ಕಲ್ಲಿನ ಸುತ್ತ ಬೂದಿಯಂಥ ಬಿಳಿ ಪುಡಿ. ಒರೆಸಿದೆ. ಮರುದಿನ ಮತ್ತೆ ಪುಡಿ, ಹರಳುಗಳೂ ಗಿಡ್ಡ! ಬೀಗ ಹಾಕಿ ಕೀಲಿಯನ್ನು ದಿಂಬಿನಡಿ ಇಟ್ಟುಕೊಂಡೆ. ಅದರ ಮರುದಿನ ಇನ್ನೂ ಗಿಡ್ಡ. ಯಾರೋ ಒಳಗೆ ಕೂತು ನಿಧಾನವಾಗಿ ತಿನ್ನುತ್ತಿದ್ದಂತಿತ್ತು.

ಅತ್ತೆ ಚೀಲ ಕಟ್ಟಿದರು. "ನಾ ಘೋಡಬಂದರಕ್ಕ ಸಣ್ಣ ಮಗನ ಮನಿಗೆ ಹೋಗ್ತೀನಿ. ನೀನೂ ಬಾ. ಇಂಥಾದ್ರಾಗ ನಿನ್ನ ಒಬ್ಬಾಕಿನ್ನ ಹ್ಯಾಂಗ ಬಿಟ್ಟು ಹೋಗ್ಲಿ?"

ನನ್ನ ಕಾಲುಗಳೂ ಚಪ್ಪಲಿ ಹುಡುಕುತ್ತಿದ್ದವು. ಆದರೆ ವಿಜ್ಞಾನದ ಮಾನ ಉಳಿಸುವ ಹೊಣೆ ನನ್ನ ಮೇಲಿತ್ತು. "ಬರೀ ತೇವ, ಅತ್ತೆ! ಒಣಗಿಸಿದ್ರೆ ಸರಿಹೋಗತ್ತೆ," ಎಂದು ಹೇರ್ ಡ್ರೈಯರ್ ಹಿಡಿದೆ.

ಬಿಸಿಗಾಳಿ ತಾಗಿದ್ದೇ ತಡ, ಕಲ್ಲು ನಿಟ್ಟುಸಿರಿಟ್ಟಂತೆ ಕುಸಿಯಿತು. ನನ್ನ ಕಣ್ಣೆದುರೇ! ಪುಡಿ ಹಾರಿ ಅತ್ತೆಯ ಮುಖಕ್ಕೆ ಮೆತ್ತಿತು. ಅವರು "ಅಯ್ಯಯ್ಯೋ" ಎಂದರು. ತಿರುಗಿದರೆ, ಸುಣ್ಣ ಬಳಿದಂಥ ಮುಖದಲ್ಲಿ ಎರಡೇ ಕಣ್ಣು! ನಾನು ಅವರಿಗಿಂತ ಜೋರಾಗಿ ಕಿರುಚಿದೆ.

ತರಗತಿಯ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು 'ಟಿಕ್' ಸದ್ದಿನ, ಪುಡಿಯ ಕತೆಯನ್ನು ತಾಳ್ಮೆಯಿಂದ ಕೇಳಿಸಿಕೊಂಡರು.

"ಅದು ಸ್ಫಟಿಕ ಅಲ್ಲಮ್ಮ, ಲೋಮಂಟೈಟ್. ಅದರ ಹರಳಿನ ಕಟ್ಟಿನೊಳಗೇ ನೀರಿರುತ್ತೆ. ಗಾಳಿಗಿಟ್ಟರೆ ಆ ನೀರು ಆರಿ, ತಾನಾಗಿ ಪುಡಿಯಾಗುತ್ತೆ. ಒದ್ದೆಯಾಗೇ ಇಡಬೇಕಿತ್ತು. ನೀವೇನು ಮಾಡಿದ್ರಿ?"

ಹೇರ್ ಡ್ರೈಯರನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿದೆ. ಫೋನಿನಲ್ಲಿ ಅವರಿಗೆ ಕಾಣುತ್ತದೆ ಎಂಬಂತೆ!

ಮುಖ ತೊಳೆದು ಬಂದ ಅತ್ತೆ, ಸ್ಪೀಕರಿನಲ್ಲಿ ಮೇಷ್ಟ್ರ ಮಾತು ಕೇಳಿ, ಸಮಾಧಾನದಿಂದ ಚೀಲ ಬಿಚ್ಚತೊಡಗಿದರು. "ಹಂಗಾರ ದೆವ್ವ ಇಲ್ಲೇನವಾ?"

"ಇಲ್ಲ, ಅತ್ತೆ."

"ಮತ್ತ ಕಲ್ಲು ನುಂಗಿದವ್ರು ಯಾರು?"

"ನಾನೇ."

ಅತ್ತೆ ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಆಮೇಲೆ ಚೀಲವನ್ನು ಮತ್ತೆ ಕಟ್ಟಿದರು. ಈ ಸಲ 'ನೀನೂ ಬಾ' ಎನ್ನಲಿಲ್ಲ.