ಕೆಂಪರಾಜು ಮೇಷ್ಟ್ರು ಬೆಟ್ಟ ಇಳಿದದ್ದು

ಕನಕಪುರದ ಕಾಲೇಜೊಂದರಲ್ಲಿ ಭೂವಿಜ್ಞಾನ ಪಾಠ ಮಾಡುವ ಕೆಂಪರಾಜು ಮೇಷ್ಟ್ರಿಗೆ ಬೆಟ್ಟ ಕಂಡರೆ ಭಯ. ನಗಬೇಡಿ. ಹದಿನೆಂಟು ವರ್ಷ ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕೋದು ಸಾಮಾನ್ಯವಲ್ಲ. ವರ್ಷಾ ವರ್ಷ ಹುಡುಗರನ್ನು ಕಬ್ಬಾಳದ ಬೆಟ್ಟಕ್ಕೆ ಕರಕೊಂಡು ಹೋಗೋರು. ಹುಡುಗರು ಮೇಲೆ, ಮೇಷ್ಟ್ರು ಕೆಳಗೆ ಸೋಡಾ ಅಂಗಡಿಯಲ್ಲಿ. ಒಂದು ವರ್ಷ ಮಂಡಿನೋವು, ಇನ್ನೊಂದು ವರ್ಷ ಭೇದಿ, ಮತ್ತೊಂದು ವರ್ಷ ಅತ್ತೆಯ ತಿಥಿ. ಅತ್ತೆ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ, ಆ ಮಾತು ಬೇರೆ.

ಈ ವರ್ಷ ಬಂದ ಹೊಸ ಪ್ರಿನ್ಸಿಪಾಲರು ಅನಂತರಾಜು. ಯಾರೋ ಪುಣ್ಯಾತ್ಮರು ಅವರ ಕಿವಿಗೆ ಊದಿಬಿಟ್ಟರು.

"ಏನ್ರೀ, ನೀವು ಬೆಟ್ಟ ಹತ್ತಲ್ವಂತೆ? ಹತ್ತದ ಮೇಷ್ಟ್ರಿಗೆ ಇಲ್ಲೇನ್ರೀ ಕೆಲಸ? ಬೀದರ್‌ಗೆ ವರ್ಗ ಮಾಡಿ ಅಂತ ಬರೆದು ಹಾಕ್ತೀನಿ."

ಮೇಷ್ಟ್ರು ಊರಲ್ಲಿ ಕಟ್ಟಿಸಿದ್ದ ಹೊಸ ಮನೆಯ ಗೋಡೆಗೆ ಹೊಡೆದ ಬಣ್ಣ ಇನ್ನೂ ಆರಿರಲಿಲ್ಲ. ಆ ಗಾಬರಿಯಲ್ಲೇ ಅವರಿಗೆ ಹೊಳೆದದ್ದು ವಿಆರ್ ಕನ್ನಡಕ.

"ಸಾರ್, ವಿಆರ್ ಕನ್ನಡಕ ಅಂತ ಬಂದಿದೆ. ಅದನ್ನ ಹಾಕ್ಕೊಂಡ್ರೆ ಬೆಟ್ಟಾನೇ ಕ್ಲಾಸಿಗೆ ಬರುತ್ತೆ. ಕಲ್ಲಿನ ಓರೆ ಅಳೆಯೋದು, ಸ್ಯಾಂಪಲ್ ಒಡೆಯೋದು, ನಕ್ಷೆ ಬರೆಯೋದು, ಎಲ್ಲಾ ಇದ್ದಲ್ಲೇ. ಯಾರೂ ಜಾರಿ ಬೀಳಲ್ಲ."

"ಸರಿ, ತರಿಸಿ. ಆದ್ರೆ ಮೊದಲು ನೀವು ಅದನ್ನ ಹಾಕ್ಕೊಂಡು ಹತ್ತಿ ತೋರಿಸ್ಬೇಕು. ಕಾಲು ನಡುಗಿತೋ, ಬೀದರ್."

ಸೋಮವಾರ ಬೆಂಗಳೂರಿನ ಕಂಪನಿಯಿಂದ ರಮ್ಯಾ ಎಂಬ ಹುಡುಗಿ ಪೆಟ್ಟಿಗೆ ಹಿಡಿದು ಬಂದಳು. ಸ್ಟಾಫ್ ರೂಮಿನಲ್ಲಿ ಮೇಷ್ಟ್ರ ಮುಖಕ್ಕೆ ಕನ್ನಡಕ ಬಿಗಿದು, ಕೈಗೊಂದು ರಿಮೋಟ್ ಕೊಟ್ಟಳು. ಅವರು ನೋಡುವುದೆಲ್ಲ ಗೋಡೆಯ ಟೀವಿಯಲ್ಲಿ ಕಾಣಬೇಕು. ಪ್ರಿನ್ಸಿಪಾಲರು, ಇತಿಹಾಸದ ತೌಹೀದ್ ಮೇಷ್ಟ್ರು, ಟೀ ತಂದ ಅಟೆಂಡರ್ ಬೋರಲಿಂಗಯ್ಯ, ಎಲ್ಲರೂ ಟೀವಿಯ ಕಡೆ ತಿರುಗಿದರು. ಕರೆಂಟು ಹೋಯಿತು. ಟೀವಿ ಕಪ್ಪಾಯಿತು. ಕನ್ನಡಕಕ್ಕೆ ಮಾತ್ರ ಬ್ಯಾಟರಿ.

ಮೇಷ್ಟ್ರು ಕಣ್ಣು ಬಿಟ್ಟರೆ ಎದುರಿಗೆ ಬಂಡೆ. ಕೆಳಗೆ ನೋಡಿದರು, ನೋಡಬಾರದಿತ್ತು. ಪಾತಾಳದಲ್ಲಿ ರಸ್ತೆ ಉಡುದಾರದಷ್ಟು ಸಣ್ಣಗೆ ಕಂಡಿತು. ಯಾವ ಜಾತಿಯ ಕಲ್ಲು, ಎಷ್ಟು ಓರೆ, ಯಾರಿಗೆ ಬೇಕು? ಕೈಯ ರಿಮೋಟ್ ಠಪ್ಪನೆ ನೆಲಕ್ಕೆ ಬಿದ್ದು ಒಡೆಯಿತು. ಕಾಲಡಿಯ ಕಲ್ಲೇ ಉರುಳಿತು ಅಂದುಕೊಂಡ ಮೇಷ್ಟ್ರು ಜೀವಭಯದಿಂದ ಮೇಲಕ್ಕೆ ಹತ್ತಿದರು. ಕುರ್ಚಿ ಹತ್ತಿದರು, ಮೇಜು ಹತ್ತಿದರು, ಮೇಜಿನಿಂದ ಕಬ್ಬಿಣದ ಬೀರುವಿನ ನೆತ್ತಿಗೆ ಏರಿ ಹಲ್ಲಿಯ ಹಾಗೆ ಕಚ್ಚಿಕೊಂಡರು. ಬೀರು ಗಡಗಡ ಅಲುಗಿತು.

"ಮೇಷ್ಟ್ರೇ, ಕನ್ನಡಕ ತೆಗೀರಿ!" ಪ್ರಿನ್ಸಿಪಾಲರು ಕೂಗಿದರು.

"ಕೈ ಬಿಟ್ರೆ ಸಾಯ್ತೀನಿ ಕಣ್ರೀ!"

"ಅರೆ, ಅದು ಬೀರು ಸಾಹೇಬ್ರೇ!" ಅಂದರು ತೌಹೀದ್.

"ನಿಮಗೆ ಬೀರು, ನನಗೆ ಸಾವು!"

"ಯಾರೂ ಕನ್ನಡಕ ಎಳೀಬೇಡಿ, ತಲೆಸುತ್ತಿ ನಿಜವಾಗ್ಲೂ ಬಿದ್ದುಬಿಡ್ತಾರೆ. ಬೆಟ್ಟ ಆರಿಸೋಕೆ ಇನ್ನೊಂದು ರಿಮೋಟ್ ಕಾರಲ್ಲಿದೆ!" ಎನ್ನುತ್ತ ರಮ್ಯಾ ಹೊರಗೋಡಿದಳು. ತೌಹೀದ್ ಫೈರ್ ಎಂಜಿನ್ನಿಗೆ ಫೋನ್ ಹಚ್ಚಿದರು. ಎಷ್ಟು ಎತ್ತರ ಅಂತ ಆ ಕಡೆಯವರು ಕೇಳಿದರು, ಇವರು ಬೀರುವಿನಷ್ಟು ಅಂದರು, ಅವರು ಫೋನಿಟ್ಟರು.

ಮೇಷ್ಟ್ರ ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಲು ಕೈ ಬಿಡುವ ಹಾಗಿಲ್ಲ. ಮಗಳ ಮುಖ ನೆನಪಾಗಿ ಅಳು ಬಂತು. ಇದು ಸುಳ್ಳು ಬೆಟ್ಟ ಅಂತ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಬೋರಲಿಂಗಯ್ಯ ಟೀ ತಟ್ಟೆ ಕೆಳಗಿಟ್ಟ. ಕಬ್ಬಾಳದ ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದವನು.

"ಎಲ್ರೂ ಒಸಿ ಸುಮ್ಕಿರಿ. ಸಾ, ನಾನು ಬೋರಲಿಂಗ. ನಮ್ ಬೆಟ್ಟ ಅದು, ಕಣ್ಮುಚ್ಕಂಡು ಇಳುಸ್ತೀನಿ. ಯೋಳ್ದಂಗೆ ಕೇಳ್ತೀರಾ?"

"ಕೇಳ್ತೀನಪ್ಪಾ, ಬೇಗ ಹೇಳು!"

"ಎಡಗಾಲು ಕೆಳೀಕ್ ಬುಡಿ. ಅಲ್ಲೊಂದು ಬಿರುಕೈತೆ."

ಕಾಲು ಮೇಜಿಗೆ ತಾಗಿತು. "ಸಿಕ್ತು!"

"ಬಲಗಡೀಕೆ ಗೋಣಿ ಮರ ಐತೆ. ಬೊಡ್ಡೆ ಇಡ್ಕಳಿ."

"ಕಾಣ್ತಾ ಇದೆ! ಹಿಡ್ಕೊಂಡೆ!" ಹಿಡಿದದ್ದು ತೌಹೀದ್ ಅವರ ಕುತ್ತಿಗೆ. ಪಾಪ, ಅವರು ಮರದ ಹಾಗೇ ನಿಂತರು.

"ಇನ್ ಕುಂತ್ಕಂಡು ಜಾರಿ. ಅಂಗೇ... ಅಂಗೇ... ಬಂತು ಸಾ, ಬುಡದ ಗುಡಿ ಮುಂದಕ್ಕೇ ಬಂದ್ಬುಟ್ರಿ!"

ಕನ್ನಡಕ ಕಳಚಿದಾಗ ಮೇಷ್ಟ್ರು ನೆಲದ ಮೇಲೆ ಕೂತಿದ್ದರು. ಬೋರಲಿಂಗಯ್ಯನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತುಬಿಟ್ಟರು. ಇನ್ನು ಮುಚ್ಚಿಡಲು ಏನುಳಿದಿತ್ತು?

"ಹೌದು ಸಾರ್, ನನಗೆ ಬೆಟ್ಟ ಅಂದ್ರೆ ಭಯ! ಒಂದು ಸಲಾನೂ ಹತ್ತಿಲ್ಲ. ಎಲ್ಲಿಗೆ ಬೇಕಾದ್ರೂ ವರ್ಗ ಮಾಡಿ!" ಹೇಳಿ ಮುಗಿಸಿದ ಮೇಲೆ ಎದೆ ಹಗುರವಾಯಿತು.

ಅಷ್ಟರಲ್ಲಿ ರಮ್ಯಾ ಬಂದು ಲ್ಯಾಪ್‌ಟಾಪ್ ತೆರೆದಳು. ಎಲ್ಲಾ ಮಾತು ಸಮೇತ ಅದರಲ್ಲಿ ದಾಖಲಾಗಿತ್ತು.

"ಸಾರ್, ಇಳಿಯೋವಾಗ ನೀವು ಒಂದು ಹೆಜ್ಜೆ ಕೂಡ ಪರೀಕ್ಷಿಸದೆ ಇಟ್ಟಿಲ್ಲ! ಆದ್ರೆ ಗೋಣಿ ಮರ ಎಲ್ಲಿ ಕಂಡ್ರಿ? ಇದು ಸ್ಕಾಟ್ಲೆಂಡಿನ ಬೆಟ್ಟ, ಒಂದು ಗಿಡಾನೂ ಇಲ್ಲ."

"ಹಾಗಾದ್ರೆ ನಮ್ಮ ಕಬ್ಬಾಳ ಎಲ್ರೀ?" ಪ್ರಿನ್ಸಿಪಾಲರು ಹುಬ್ಬು ಗಂಟಿಕ್ಕಿದರು.

"ಅದನ್ನ ನಾವಿನ್ನು ಚಿತ್ರೀಕರಿಸ್ಬೇಕು ಸಾರ್. ಮೇಷ್ಟ್ರೊಬ್ಬರು ತಲೆಗೆ ಕ್ಯಾಮೆರಾ ಕಟ್ಕೊಂಡು ತುದಿವರೆಗೂ ಹತ್ಬೇಕು. ಧೈರ್ಯದವರು ದಡಬಡ ಓಡ್ತಾರೆ, ಮಕ್ಕಳು ಅದನ್ನೇ ಕಲಿತು ಜಾರಿ ಬೀಳ್ತಾರೆ. ನಮಗೆ ಬೇಕಾಗಿರೋದೇ ಹೆದರೋರು. ಇವರಷ್ಟು ಹೆದರೋರು ಇಡೀ ಜಿಲ್ಲೇಲಿ ಸಿಗಲ್ಲ."

ಪ್ರಿನ್ಸಿಪಾಲರ ಮುಖ ಅರಳಿತು. "ನಿಮ್ಮಂಥೋರನ್ನ ಬಿಟ್ಟುಕೊಡ್ತೀನೇನ್ರೀ? ವರ್ಗದ ಮಾತೇ ಇಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಜೀಪು ಬರುತ್ತೆ."

ಎಲ್ಲರೂ ಹೋದ ಮೇಲೆ ಮೇಷ್ಟ್ರು ಬೋರಲಿಂಗಯ್ಯನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಬೋರಲಿಂಗಯ್ಯ, ನೀನು ನನ್ನ ಮುಂದೆ ಮುಂದೆ ಹತ್ತಪ್ಪ. ನೀನಿದ್ರೆ ನನಗೆ ಧೈರ್ಯ."

ಬೋರಲಿಂಗಯ್ಯ ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದ.

"ದಿಟ ಯೋಳ್ಬುಡ್ತೀನಿ ಸಾ, ಯಾರ್ಗೂ ಯೋಳ್ಬ್ಯಾಡಿ. ಬೆಟ್ಟ ಹತ್ತುತಾ ಇದ್ದದ್ದು ನಮ್ ಮೇಕೆಗಳು. ನಾನು ಕೆಳೀಕ್ ನಿಂತ್ಕಂಡು ಕೂಗ್ತಿದ್ದೆ, ಅಷ್ಟೇಯ."