ಕಂಡಕ್ಟರ್ ಸಾಹೇಬರ ಗ್ರಾಫಿಕ್ಸ್ ಕಾರ್ಡು

ಅಶೋಕಪುರಂನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ನಗೋದಕ್ಕೆ ನಾನು ಬೇರೆಲ್ಲೂ ಹೋಗಬೇಕಾಗಿಲ್ಲ. ಗಿರಾಕಿಗಳೇ ಬಾಗಿಲಿಗೆ ತಂದುಕೊಡುತ್ತಾರೆ. ಆದರೆ ಕೆಸರೆಯಿಂದ ಬಂದಿದ್ದ ಒಬ್ಬ ನಿವೃತ್ತ ಬಸ್ ಕಂಡಕ್ಟರನ್ನು ನೆನೆದರೆ, ನಗುವಿನ ಜೊತೆ ಅಳುವೂ ಬರುತ್ತದೆ.

ಬಸ್ಸಿನ ಲೆಕ್ಕ

ಹಳೇ ಡೆಸ್ಕ್‌ಟಾಪನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಕೈಚೀಲದಲ್ಲಿ ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು, ತಂಗಿಯ ಮಗ ಕೊಟ್ಟಿದ್ದು. ಹೆಂಡತಿ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಮದುವೆ ವಿಡಿಯೋದಲ್ಲಿ ಆಕೆಯ ಮುಖ ಮಸಕು. ಈ ಕಾರ್ಡು ಹಾಕಿದರೆ ಕಂಪ್ಯೂಟರೇ ಅದನ್ನು ತಿಳಿ ಮಾಡುತ್ತದಂತೆ.

"ಧಾರೆ ಹೊತ್ತಲ್ಲಿ ನನ್ನ ನೋಡಿ ನಾಚ್ಕೊಂಡು ತಲೆ ಬಗ್ಗಿಸ್ತಾಳೆ ಕಣಮ್ಮ. ಅದೊಂದನ್ನ ನೆಟ್ಟಗೆ ನೋಡ್ಬೇಕು" ಅಂದರು.

"ಸಾರ್, ಈ ಕಾರ್ಡಿಗೆ ಕರೆಂಟ್ ಜಾಸ್ತಿ ಬೇಕು. ನಿಮ್ಮ ಹಳೇ ಪವರ್ ಸಪ್ಲೈ ತಡೆಯಲ್ಲ" ಅಂದೆ.

"ಐವತ್ತು ಸೀಟಿನ ಬಸ್ಸಿಗೆ ನೂರು ಜನ ಹತ್ತಿಸ್ದೋನು ನಾನು. ಅಡ್ಜಸ್ಟ್ ಮಾಡ್ಕತದೆ ಬುಡಮ್ಮ."

"ವೈರ್ ಕಾದು ಸುಟ್ಟ ವಾಸನೆ ಬರುತ್ತೆ ಸಾರ್."

"ನಮ್ಮ ಬಸ್ಸಲ್ಲೂ ಬರ್ತಿತ್ತು!"

ಒಳಗಿನ ಕುಂಕುಮ

ಪಕ್ಕದ ತಗಡು ಬಿಚ್ಚಿದರೆ, ಒಳಗೆ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬಿಯ ಮೇಲೆ ವಿಭೂತಿ ಪಟ್ಟೆ, ನಡುವೆ ಕುಂಕುಮ! ಆಯುಧಪೂಜೆಯಲ್ಲಿ ಕಂಪ್ಯೂಟರಿಗೆ ಹೊರಗೆ ಬೊಟ್ಟಿಡುವವರನ್ನು ಕಂಡಿದ್ದೆ, ಒಳಗೆ ಇಟ್ಟವರನ್ನು ಕಂಡಿರಲಿಲ್ಲ.

"ಕೆಲ್ಸ ಮಾಡೋದು ಒಳಗಿರೋದು, ತಗಡಿಗ್ಯಾಕೆ ಪೂಜೆ ಅಂತಿದ್ಲು ನಮ್ಮನೆಯೋಳು. ಕರೆಂಟ್ ಅಂದ್ರೆ ಜೀವ ಹೋಗೋದು ಅವಳಿಗೆ. ಎಲ್ಲಿಗೆ ಹೊರಟ್ರೂ 'ಸ್ವಿಚ್ ಆರಿಸಿದ್ರಾ?' ಅನ್ನೋಳು. ಇದನ್ನ ಮಾತ್ರ ತೆಗೀಬೇಡಮ್ಮ, ಅವಳು ಕೈಯಾರೆ ಇಟ್ಟಿದ್ದು."

ಆದರೂ ಹೇಳಲೇಬೇಕಿತ್ತು. "ಇದರಲ್ಲೇ ಓಡಿಸಿದ್ರೆ ಬೆಂಕಿ ಹತ್ತಬಹುದು ಸಾರ್. ಆಮೇಲೆ ವಿಡಿಯೋನೂ ಇರಲ್ಲ, ಕುಂಕುಮಾನೂ ಇರಲ್ಲ."

ಕುಂಕುಮದ ಸುತ್ತಲಿನ ಧೂಳನ್ನು ಬೆರಳಲ್ಲಿ ಒರೆಸಿ, ಕೊನೆಗೆ ಹೂಂ ಅಂದರು. ಹೊಸ ದೊಡ್ಡ ಪವರ್ ಸಪ್ಲೈ ಕೂರಿಸಿ, ಕಾರ್ಡಿನ ಎರಡು ಸಾಕೆಟ್ಟಿಗೂ ಬೇರೆ ಬೇರೆ ಕೇಬಲ್ ಎಳೆದೆ. ಅವರು ಕಂಪ್ಯೂಟರನ್ನು ಆಟೋ ಸೀಟಿನ ಮೇಲಿಟ್ಟು, ಹಳೇ ಪವರ್ ಸಪ್ಲೈಯನ್ನು ಟವಲಿನಲ್ಲಿ ಸುತ್ತಿ ಎದೆಗವುಚಿಕೊಂಡು ಆಟೋ ಹತ್ತಿದರು.

"ಏನ್ ಸಾರ್ ಅದು?" ಅಂದ ಆಟೋದವನು.

"ನಮ್ಮನೆಯೋಳು ಪೂಜೆ ಮಾಡ್ತಿದ್ದಿದ್ದು ಕಣಪ್ಪ."

ಅವನು ಚಪ್ಪಲಿ ಬಿಟ್ಟು, ಟವಲಿಗೆ ಕೈ ಮುಗಿದು, ಆಮೇಲೆ ಗಾಡಿ ಸ್ಟಾರ್ಟ್ ಮಾಡಿದ.

ಧಾರೆಯ ನಾಚಿಕೆ

ವಿಡಿಯೋ ತಿಳಿಯಾದ ದಿನ ಮನೆಗೆ ಕರೆದರು. ಇಬ್ಬರೂ ನೋಡುತ್ತ ಕೂತೆವು. ಧಾರೆ ಬಂತು, ಮುಖ ನಿಚ್ಚಳವಾಗಿ ಕಂಡಿತು. ನಾಚಿಕೆಯ ಸುಳಿವೇ ಇಲ್ಲ! ಮದುಮಗಳು ಹುಬ್ಬು ಗಂಟಿಕ್ಕಿಕೊಂಡು ಮದುಮಗನ ಕಾಲನ್ನೇ ನೋಡುತ್ತಿದ್ದಾಳೆ, ಬೆರಳು ತೋರಿಸಿ ಏನೋ ಗದರುತ್ತಿದ್ದಾಳೆ. ಕಾಲಡಿ ವಿಡಿಯೋದವನ ಲೈಟಿನ ವೈರು.

"ಅಯ್ಯೋ, ವೈರ್ ತುಳಿದೆ ಅಂತ ಬೈತಾವ್ಳೆ ಕಣಮ್ಮ! ಧಾರೇಲೇ ಶುರು ಮಾಡ್ಬುಟ್ಟಿದ್ಲು!" ಅಂತ ನಕ್ಕರು. ನಗುತ್ತ ನಗುತ್ತ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ನಾನು ಹೊರಟಾಗ ಬಾಗಿಲವರೆಗೆ ಬಂದವರು ಥಟ್ಟನೆ ನಿಂತು, ಒಳಗೆ ಓಡಿದರು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಖಾಲಿ ಅಡುಗೆಮನೆಯ ಕಡೆ ತಿರುಗಿ ಹೇಳಿದರು:

"ಆರಿಸ್ದೆ ಕಣೇ!"