ಒತ್ತಾಯದ ಹೋಳಿಗೆ

ಶಿರಹಟ್ಟಿಯ ಬೀಗರ ಮನೆಗೆ ಹೊರಡುವ ದಿನ ಬೆಳಗ್ಗೆ ಬೆಟಗೇರಿಯ ಬಟ್ಟೆ ವ್ಯಾಪಾರಿ ಚನ್ನಬಸವಣ್ಣನವರು ಕನ್ನಡಿಯ ಮುಂದೆ ನಿಂತು, ಮೀಸೆಯ ಮೇಲೆ ಕೈಯಿಟ್ಟು ಘನಘೋರ ಪ್ರತಿಜ್ಞೆ ಮಾಡಿದರು. ಇವತ್ತು ತಾವು ಎಲ್ಲರಂತೆ ಒತ್ತಾಯ ಮಾಡಿಸಿಕೊಂಡೇ ಹೋಳಿಗೆ ತಿನ್ನತಕ್ಕದ್ದು!

ಆ ಮೀಸೆಗೂ ಒಂದು ಇತಿಹಾಸವಿತ್ತು. ಹುಡುಗನಿದ್ದಾಗಲೇ ಅವರಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಅದು ವಯಸ್ಸಾದ ಮೇಲೆ ಬಂದು ಗುಳಿಗೆಗೆ ಬಗ್ಗುವ ಜಾತಿಯದಲ್ಲ; ದಿನಾ ಇನ್ಸುಲಿನ್ ಚುಚ್ಚಿಕೊಂಡೇ ಬದುಕಬೇಕಾದ ಟೈಪ್ ಒನ್. "ಮೀಸಿ ಬರೂತನಕ ಉಳದ್ರ ನಿಮ್ಮ ಪುಣ್ಯಾ" ಎಂದು ಆಗಿನ ಡಾಕ್ಟರರೊಬ್ಬರು ಅವರ ಅಪ್ಪನಿಗೆ ಹೇಳಿದ್ದರು. ಮೀಸೆ ಬಂತು, ಬಾಸಿಂಗ ಬಂತು, ಅಂಗಡಿ ಬಂತು, ಮೊಮ್ಮಕ್ಕಳು ಬಂದರು, ಡಾಕ್ಟರರೇ ಹೋದರು! ಗಾಜಿನ ಸಿರಿಂಜು ಕುದಿಸುವ ಕಾಲದಿಂದ ಪೆನ್ನಿನಂಥ ಇಂಜೆಕ್ಷನ್ನಿನ ಕಾಲದವರೆಗೆ ಚನ್ನಬಸವಣ್ಣನವರು ಹೊಟ್ಟೆಗೆ ಚುಚ್ಚಿಕೊಂಡರೇ ಹೊರತು ಹೊಟ್ಟೆಕಿಚ್ಚು ಪಟ್ಟವರಲ್ಲ. ಒಂದು ವಿಷಯ ಬಿಟ್ಟು.

ಅದೇ ಒತ್ತಾಯ. ನಮ್ಮ ಕಡೆ ಊಟದಲ್ಲಿ ಹೊಟ್ಟೆ ತುಂಬುವುದು ಬಡಿಸಿದ್ದರಿಂದ, ಮನಸ್ಸು ತುಂಬುವುದು 'ನಮ್ಮಾಣಿ ಐತಿ, ಇನ್ನೊಂದ ಹಾಕಸ್ಗೋರಿ' ಎಂಬ ಆಣೆಯ ಮಾತಿನಿಂದ. ಅತಿಥಿ ಬ್ಯಾಡ ಅನ್ನಬೇಕು, ತಾಟಿಗೆ ಎರಡೂ ಕೈ ಅಡ್ಡ ಹಿಡಿಯಬೇಕು; ಬಡಿಸುವವರು ಬೆರಳ ಸಂದಿಯಿಂದಲಾದರೂ ಹೋಳಿಗೆ ಜಾರಿಸಬೇಕು. ಚನ್ನಬಸವಣ್ಣನವರಿಗೆ ಈ ಭಾಗ್ಯ ಎಂದೂ ಇರಲಿಲ್ಲ. ಹೋಳಿಗೆಯ ಬುಟ್ಟಿ ಪಂಕ್ತಿಯಲ್ಲಿ ಅವರ ಹತ್ತಿರ ಬಂತೋ ಇಲ್ಲವೋ, ಯಾರಾದರೊಬ್ಬರು "ಅವರಿಗೆ ಹಾಕಬ್ಯಾಡ್ರಿ, ಸಕ್ಕರಿ ಐತಿ" ಅಂದುಬಿಡುವರು. ಬುಟ್ಟಿ ಅವರನ್ನು ಹೈಜಂಪ್ ಮಾಡಿ ಪಕ್ಕದವರ ತಾಟಿಗೆ ಇಳಿಯುವುದು. ಲೆಕ್ಕ ಹಾಕಿ ಇನ್ಸುಲಿನ್ ತೆಗೆದುಕೊಂಡರೆ ಒಂದು ಹೋಳಿಗೆಗೆ ಅಡ್ಡಿಯಿಲ್ಲ ಎಂದು ಈಗಿನ ಡಾಕ್ಟರರೇ ಹೇಳಿದ್ದರೂ ಪಂಕ್ತಿಗೆ ಅದು ಕೇಳಿಸದು. ಅವರ ಆಸೆ ಹೋಳಿಗೆಯದೂ ಅಲ್ಲ, ಅದನ್ನು ಮನೆಯಲ್ಲೇ ತಿಂದಿದ್ದರು. ಸಾಯುವುದರೊಳಗೆ ಒಮ್ಮೆಯಾದರೂ ತಮ್ಮ 'ಬ್ಯಾಡ' ಎಂಬ ಮಾತನ್ನು ಯಾರೂ ನಂಬಬಾರದು! ಅಷ್ಟೇ.

ಈಗ ಯೋಗ ಕೂಡಿ ಬಂದಿತ್ತು. ಹೆಂಡತಿ ನೀಲಗಂಗವ್ವನ ತಮ್ಮನ ಮಗಳು ಸ್ನೇಹಾಳನ್ನು ಶಿರಹಟ್ಟಿಗೆ ಕೊಟ್ಟಿದ್ದರು. ಹೊಸ ಬೀಗರಿಗೆ ಇವರ ಕಾಯಿಲೆಯ ಖಬರೇ ಇರಲಿಲ್ಲ.

"ನೀಲಾ, ಅಲ್ಲಿ ಬಾಯಿ ಬಿಡಬಾರದು. ನನ್ನಾಣಿ."

"ಹೇಳೂದಿಲ್ಲ ತಗೋರಿ. ಸಕ್ಕರಿ ಒಮ್ಮಿಗೆ ಇಳದ್ರ ಬೇಕಾಗ್ತೈತಿ, ಕಿಸೆದಾಗ ಗ್ಲೂಕೋಸ್ ಪುಡಿ ಇಟ್ಗೊಂಡೀರಿಲ್ಲೋ?"

ಇಟ್ಟುಕೊಂಡಿದ್ದೇನೆ ಅಂದರು. ಇಟ್ಟುಕೊಂಡಿರಲಿಲ್ಲ. ಇಸ್ತ್ರಿ ಅಂಗಿಯ ಕಿಸೆ ಉಬ್ಬಿದರೆ ಬೀಗರು ಏನೆಂದುಕೊಂಡಾರು!

ಶಿರಹಟ್ಟಿಯಲ್ಲಿ ಎಲ್ಲ ಸಾಂಗವಾಗಿ ನಡೆಯಿತು. ಅಡುಗೆಮನೆಯಿಂದ ತುಪ್ಪದ ವಾಸನೆ ಬಂದು, ಪಡಸಾಲೆಯಲ್ಲಿ ತಾಟು ಇಡುವ ಸಪ್ಪಳವಾದದ್ದೇ ತಡ, ಚನ್ನಬಸವಣ್ಣನವರು ಕೈಕಾಲು ತೊಳೆಯುವ ನೆವದಲ್ಲಿ ಹಿತ್ತಿಲ ಬಚ್ಚಲಿಗೆ ಹೋಗಿ, ಹೋಳಿಗೆಗೂ ಸೇರಿಸಿ ಇನ್ಸುಲಿನ್ ಚುಚ್ಚಿಕೊಂಡು ಬಂದರು. ಇನ್ನು ಉಣ್ಣುವುದೊಂದೇ ಬಾಕಿ. ತಡಮಾಡಿದರೆ ಒಳಗೆ ಹೋದ ಇನ್ಸುಲಿನ್ನು ಇದ್ದಬದ್ದ ಸಕ್ಕರೆಯನ್ನೂ ಗುಡಿಸಿ ಹಾಕುತ್ತದೆ.

ಬೀಗರು ಸುಭಾಷಪ್ಪ ಬಂದು ಕೈ ಮುಗಿದರು. "ಏಳ್ರಿ ಅಣ್ಣಾರ, ಊಟಕ್ಕ."

ಏಳಬಹುದಿತ್ತು. ಆದರೆ ಕರೆದ ಕೂಡಲೇ ಎದ್ದರೆ ಅದು ಬೀಗತನವೇ? "ಆಗಲಿ ತಗೋರಿ, ಗಡಬಡಿ ಏನೈತಿ" ಎಂದು ಇನ್ನೊಂದಿಷ್ಟು ಆರಾಮಾಗಿ ಒರಗಿದರು. ಸುಭಾಷಪ್ಪ ಮತ್ತೆ ಬಂದರು. ಇವರು ಹಸಿವೇ ಇಲ್ಲ ಅಂದರು. ಸುಭಾಷಪ್ಪನ ತಾಯಿ ಅಮೃತವ್ವ ಕೋಲೂರಿಕೊಂಡು ಬಂದು, ನೀವು ಏಳುವತನಕ ನಾನೂ ಇಲ್ಲೇ ನಿಲ್ಲುತ್ತೇನೆ ಅಂದಳು. ಆಹಾ! ಆ ಮಾತು ಕಿವಿಗೆ ಬಿದ್ದಾಗ ಚನ್ನಬಸವಣ್ಣನವರ ಕಣ್ಣು ತೇವವಾಯಿತು. ಇಷ್ಟು ವರ್ಷ ಕಾದದ್ದಕ್ಕೆ ಇನ್ನೊಂದು ಗಳಿಗೆ ಕಾದರೇನು? ಮತ್ತೊಮ್ಮೆ ಬ್ಯಾಡ ಅಂದರು.

ಕೊನೆಗೆ ಪಂಕ್ತಿಯಲ್ಲಿ ಕೂತಾಗ ಕೈ ಸಣ್ಣಗೆ ನಡುಗುತ್ತಿತ್ತು. ಸಂತೋಷದಿಂದ ಅಂದುಕೊಂಡರು. ಬೆನ್ನು ಬೆವೆತಿತ್ತು. ಸೆಕೆ ಅಂದುಕೊಂಡರು. ಬುಟ್ಟಿ ಬಂತು. ಯಾರೂ ಏನೂ ಹೇಳಲಿಲ್ಲ. ಬುಟ್ಟಿ ಅವರ ಮುಂದೆಯೇ ನಿಂತಿತು! ಚನ್ನಬಸವಣ್ಣನವರು ರಾಜಗಾಂಭೀರ್ಯದಿಂದ ತಾಟಿನ ಮೇಲೆ ಎರಡೂ ಕೈ ಹರಡಿದರು.

"ಬ್ಯಾಡ್ರಿ."

ಮುಂದಿನದು ಅವರಿಗೆ ಗೊತ್ತಿಲ್ಲ. ಮಂಜು ಕವಿದಂತೆ ಆಯಿತು. ಮಂಜು ಸರಿದಾಗ ತಲೆ ಹೆಂಡತಿಯ ತೊಡೆಯ ಮೇಲಿತ್ತು, ಮೀಸೆ ಅಂಟಂಟಾಗಿತ್ತು, ಇಸ್ತ್ರಿ ಅಂಗಿ ಸಕ್ಕರೆ ನೀರಿನಲ್ಲಿ ತೊಯ್ದಿತ್ತು. ಬೀಗರ ಮನೆಯವರೆಲ್ಲ ಸುತ್ತ ನಿಂತಿದ್ದರು. ನೀಲಗಂಗವ್ವ ಬೆರಳು ಚುಚ್ಚಿ ಮೀಟರು ನೋಡಿದರು. ಪಾತಾಳಕ್ಕೆ ಇಳಿದಿದ್ದ ಸಕ್ಕರೆ ಈಗ ಅಟ್ಟ ಹತ್ತಿತ್ತು. ಅಮೃತವ್ವ ಅವರ ಮುಂದೆ ಅನ್ನ ಸಾರು ತಂದಿಟ್ಟಳು. ಹೋಳಿಗೆಯ ಬುಟ್ಟಿಯನ್ನು ಸದ್ದಿಲ್ಲದೆ ಸೆರಗಿನ ಮರೆಯಲ್ಲಿ ಒಯ್ದಳು.

ಊರಿಗೆ ಮರಳುವ ಬಸ್ಸು ಶಿರಹಟ್ಟಿಯ ಹತ್ತಿರದ ಮಾಗಡಿ ಕೆರೆಯನ್ನು ದಾಟಿತು. ಆಮೇಲೆ ಚನ್ನಬಸವಣ್ಣನವರು ಕಿಟಕಿಯ ಕಡೆ ನೋಡುತ್ತಲೇ ಮೆಲ್ಲಗೆ ಕೇಳಿದರು. "ಒತ್ತಾಯ ಮಾಡಿದ್ರೇನ?"

"ಮಾಡಿದ್ರು."

"ಹೆಂಗ ಮಾಡಿದ್ರು, ಹೇಳು."

"ಬೀಗ್ರು ಎರಡೂ ಕೈ ಹಿಡದ್ರು. ಮುದುಕಿ ಗದ್ದಾ ಹಿಡದು, ನನ್ನಾಣಿ ಐತ್ಯಪಾ, ಒಂದ ಗುಟುಕ ಕುಡಿ ಅಂದ್ಲು. ಸ್ನೇಹಾ ಕಾಲ ಹಿಡದ್ಲು. ಬಾಜೂ ಮನಿಯವ್ರೂ ಬಂದು ಮಾಡಿದ್ರು. ನೀವು ಬ್ಯಾಡ ಅಂದಷ್ಟೂ ಬಿಡಲಿಲ್ಲ."

ಚನ್ನಬಸವಣ್ಣನವರು ಕಣ್ಣು ಮುಚ್ಚಿದರು. ಆಣೆ ಹಾಕಿದ್ದರು! ಗದ್ದ ಹಿಡಿದಿದ್ದರು! ಜನ್ಮದ ಆಸೆ ಮನೆ ಬಾಗಿಲಿಗೆ ಬಂದಾಗ ತಾವೇ ಮನೆಯಲ್ಲಿರಲಿಲ್ಲ. ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ನಿಟ್ಟುಸಿರು ಬಿಟ್ಟು, ಇನ್ನು ಆ ಮನೆಯಲ್ಲೂ ಬುಟ್ಟಿ ತಮ್ಮನ್ನು ಜಿಗಿದೇ ಹೋಗುವುದಲ್ಲ ಎಂದು ನೆನೆದು ಹೆಂಡತಿಯ ಕಡೆ ತಿರುಗಿದರು.

"ಆಣಿ ಇಟ್ಟಿದ್ದೆ ನಿನಗ. ನೀ ಯಾಕ ಹೇಳಿದಿ?"

"ನಾ ಎಲ್ಲಿ ಹೇಳೀನ್ರಿ? ಹಸದು ತಲಿ ತಿರಗೈತಿ ಅಂದಿದ್ದೆ, ಅಷ್ಟ. ಸಕ್ಕರಿ ನೀರು ಬಾಯಿಗೆ ಹಿಡದ್ರ, ನೀವ ನೆಟ್ಟಗ ಕುಂತು ಓಣಿಗೆಲ್ಲಾ ಕೇಳೂಹಂಗ ಅಂದ್ರಿ, 'ನನಗ ಹಾಕಬ್ಯಾಡ್ರಿ, ಸಕ್ಕರಿ ಐತಿ' ಅಂತ."